ಪೆಟ್ಟಿಗೆಗೆ ಮಾತ್ರ ಖಾತರಿ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಯ ಪಿಟೀಲು ಮುರಿಯಿತು. ಲೋಕದಲ್ಲಿ ದಿನಕ್ಕೆ ಎಷ್ಟೋ ವಸ್ತುಗಳು ಮುರಿಯುತ್ತವೆ. ಅದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬೇಕೆ ಎಂದು ವಾಚಕರು ಕೇಳಬಹುದು. ಪಿಟೀಲು ಮುರಿದುದಕ್ಕಿಂತ ಹೆಚ್ಚಾಗಿ, ಅದು ಮುರಿದ ಮೇಲೆ ಅಂಗಡಿಯೊಂದರಲ್ಲಿ ನಡೆದ ಐದು ನಿಮಿಷಗಳ ಮಾತುಕತೆ ನನ್ನನ್ನು ಈ ಲೇಖನಕ್ಕೆ ಎಳೆದುತಂದಿತು.

ಪಿಟೀಲು ನನ್ನದಲ್ಲ, ನನ್ನ ಅಕ್ಕನದು. ಅವಳು ಹತ್ತು ವರ್ಷದವಳಿದ್ದಾಗ ನಮ್ಮ ತಂದೆ ಕಂತಿನ ಮೇಲೆ ಕೊಂಡುತಂದದ್ದು. ಬೆರಳ ಸಂದುಗಳಲ್ಲಿ ನೋವು ಕಾಣಿಸಿಕೊಂಡ ಮೇಲೆ ಅವಳು ಅದನ್ನು ನನ್ನ ಮಗಳಿಗೆ ಕೊಟ್ಟಳು. ಬಂದದ್ದು ಕಪ್ಪು ಬಣ್ಣದ ಒಂದು ಮರದ ಪೆಟ್ಟಿಗೆಯಲ್ಲಿ. ಒಳಗೆ ಮಾಸಿದ ಕೆಂಪು ಬಟ್ಟೆ. ಎರಡು ಚಿಲಕಗಳಲ್ಲಿ ಒಂದು ಎಂದೋ ಕಳಚಿಹೋಗಿ, ಆ ಜಾಗಕ್ಕೆ ಹಳೆಯ ಸೀರೆಯ ಅಂಚನ್ನು ಸುತ್ತಿ ಗಂಟು ಹಾಕಿತ್ತು. ಬೆಂಗಳೂರಿನ ಸಂಗೀತ ಶಾಲೆಗೆ ಮಗಳು ಇದನ್ನು ಹೊತ್ತುಕೊಂಡು ಹೋಗುವುದೆಂದರೆ ನನಗೇ ನಾಚಿಕೆಯಾಯಿತು. ಹೊಸದೊಂದನ್ನು ಕೊಂಡೆ. ಹಗುರವಾದದ್ದು, ಹೊರಗೆ ಹೊಳೆಯುವ ಬಟ್ಟೆ, ಒಳಗೆ ಮೆತ್ತನೆಯ ಸ್ಪಂಜು; ಹಿಡಿಕೆಯ ಬಳಿ ಜೋಲುತ್ತಿದ್ದ ಚೀಟಿಯಲ್ಲಿ ‘ಆಜೀವ ಖಾತರಿ’ ಎಂಬ ಅರ್ಥದ ಇಂಗ್ಲಿಷ್ ಮಾತು.

ಆ ಚೀಟಿಯನ್ನು ನಂಬಿಯೇ, ಶಿವಮೊಗ್ಗೆಗೆ ಅಕ್ಕನ ಮನೆಗೆ ಹೊರಟಾಗ ಪೆಟ್ಟಿಗೆಯನ್ನು ಬಸ್ಸಿನ ಹೊಟ್ಟೆಗೆ ಹಾಕಲು ಒಪ್ಪಿದೆ. ಇಳಿದು ನೋಡುವಾಗ ಎರಡು ಚಿಲಕಗಳೂ ಬಾಯಿ ಬಿಟ್ಟಿದ್ದುವು. ಪಿಟೀಲಿನ ಕುತ್ತಿಗೆ ಕಿತ್ತುಬಂದಿತ್ತು. ಮೇಲುಹಲಗೆಯಲ್ಲಿ ಗೇಣುದ್ದದ ಬಿರುಕು.

ಊರಿಗೆ ಮರಳಿದ ಮೇಲೆ ಅಂಗಡಿಗೆ ಹೋದೆ. ಅಂಗಡಿಯವರು ಸಜ್ಜನರು. ಎಲ್ಲವನ್ನೂ ಕೇಳಿ, “ಸಾರ್, ಖಾತರಿ ಇರೋದು ಪೆಟ್ಟಿಗೆಗೆ ಮಾತ್ರ. ಒಳಗಿರೋ ವಸ್ತುವಿಗಲ್ಲ” ಎಂದರು. ಎರಡು ಚಿಲಕಗಳನ್ನೂ ಬಿಟ್ಟಿಯಾಗಿ ಬದಲಾಯಿಸಿಕೊಟ್ಟರು. “ಆಜೀವ ಅಂದರೆ ಯಾರ ಜೀವ?” ಎಂದು ಕೇಳಿದೆ. “ಪೆಟ್ಟಿಗೆಯದೇ ಸಾರ್. ಅದು ಇರೋವಷ್ಟು ದಿನ” ಎಂದರು. ಉತ್ತರದಲ್ಲಿ ವ್ಯಂಗ್ಯವಿರಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ವಾದ್ಯವನ್ನು ಕಾಪಾಡುವುದಕ್ಕೆ ಮನುಷ್ಯ ಎಂದಿನಿಂದ ಪೆಟ್ಟಿಗೆ ಮಾಡಿದ? ಪೆಟ್ಟಿಗೆಯ ಜೊತೆಗೆ ಮಾತನ್ನೂ ಕೊಡುವ ವಾಡಿಕೆ ಎಂದಿನಿಂದ ಬಂತು? ಈ ಎರಡು ಪ್ರಶ್ನೆಗಳನ್ನು ಹಿಡಿದು ಕೆಲವು ತಿಂಗಳು ಓದಿದೆ. ಓದಿದುದರಲ್ಲಿ ಸ್ವಾರಸ್ಯವೆನಿಸಿದ್ದನ್ನು ಇಲ್ಲಿ ಹೇಳುತ್ತೇನೆ.

ಪೆಟ್ಟಿಗೆಯ ಕೆಲಸ ಹೊರಗಿನಿಂದ ಕಾಯುವುದು ಎಂದು ನಾವು ತಿಳಿದಿದ್ದೇವೆ. ಪ್ರಾಚೀನ ಈಜಿಪ್ಟಿನವರು ಒಳಗಿನಿಂದ ಕಾದರು. 1922ರಲ್ಲಿ ಹೊವರ್ಡ್ ಕಾರ್ಟರ್ ಕಂಡುಹಿಡಿದ ತೂತನ್‌ಖಾಮನ್ ದೊರೆಯ ಸಮಾಧಿಯಲ್ಲಿ ಎರಡು ಕಹಳೆಗಳಿದ್ದುವು. ಒಂದು ಬೆಳ್ಳಿಯದು, ಇನ್ನೊಂದು ತಾಮ್ರ ಬೆರೆತ ಲೋಹದ್ದು. ಲೋಹದ ತಗಡು ಬಹಳ ತೆಳು. ಆದುದರಿಂದ ಪ್ರತಿಯೊಂದು ಕಹಳೆಗೂ ಅದರ ಒಳಮೈಯ ಆಕಾರಕ್ಕೆ ಸರಿಯಾಗಿ ಕಡೆದು ಬಣ್ಣ ಬಳಿದ ಮರದ ಗೂಟವೊಂದನ್ನು ಮಾಡಿ ತೂರಿಸಿಟ್ಟಿದ್ದರು. ಊದದಿದ್ದಾಗ ಕಹಳೆ ನುಗ್ಗಾಗದಂತೆ ಆ ಮರ ಆಧಾರ ಕೊಡುತ್ತಿತ್ತು. ಮೂರು ಸಾವಿರ ವರ್ಷಗಳಿಗೂ ಮೀರಿ ಆ ಕಹಳೆಗಳು ಉಳಿದುವು. 1939ರ ಏಪ್ರಿಲ್ 16ರಂದು ಕೈರೋ ವಸ್ತುಸಂಗ್ರಹಾಲಯದಿಂದ ಅವುಗಳ ದನಿಯನ್ನು ಬಿ.ಬಿ.ಸಿ. ರೇಡಿಯೋ ಬಿತ್ತರಿಸಿತು, ಊದಿದವನು ಬ್ರಿಟಿಷ್ ಸೇನೆಯ ಜೇಮ್ಸ್ ಟ್ಯಾಪರ್ನ್ ಎಂಬ ವಾದ್ಯಗಾರ. ಇಷ್ಟು ಕಾಲ ನಿಂತ ಆ ಗೂಟಕ್ಕೆ ಯಾವ ಬಡಗಿಯೂ ಖಾತರಿ ಚೀಟಿ ಬರೆದುಕೊಟ್ಟಂತೆ ಕಾಣೆ.

ಇನ್ನೊಂದು ನಿದರ್ಶನ ಜಪಾನಿನದು. ಕ್ರಿ.ಶ. 756ರಲ್ಲಿ ಶೋಮು ಚಕ್ರವರ್ತಿ ತೀರಿಕೊಂಡಾಗ, ಅವನ ರಾಣಿ ಕೋಮ್ಯೊ, ಅವನ ಪ್ರಿಯ ವಸ್ತುಗಳನ್ನೆಲ್ಲ ನಾರಾ ಪಟ್ಟಣದ ತೊದಾಯ್‌ಜಿ ದೇವಾಲಯಕ್ಕೆ ಒಪ್ಪಿಸಿದಳು. ಅವನ್ನಿಟ್ಟ ಉಗ್ರಾಣದ ಹೆಸರು ಶೋಸೊಯಿನ್. ಅಲ್ಲಿ ಐದು ತಂತಿಗಳ ಬೀವಾ ಎಂಬ ವಾದ್ಯವೊಂದಿದೆ. ಮುತ್ತಿನ ಚಿಪ್ಪಿನ ಕೆತ್ತನೆಯ ಈ ಐದು ತಂತಿಯ ಬೀವಾ ಪ್ರಾಚೀನ ಕಾಲದಿಂದ ಉಳಿದುಬಂದಿರುವ ಒಂದೇ ಒಂದು. ಈ ಜಾತಿಯ ವಾದ್ಯದ ತವರು ಭಾರತವೆಂದು ವಿದ್ವಾಂಸರ ಅಭಿಪ್ರಾಯ. ನಮ್ಮಲ್ಲಿ ಅದು ಶಿಲ್ಪಗಳಲ್ಲಿ ಮಾತ್ರ ಉಳಿಯಿತು. ಅಲ್ಲಿ ಮರದಲ್ಲಿಯೇ ಉಳಿಯಿತು.

ಹೇಗೆ ಉಳಿಯಿತು? ಉಗ್ರಾಣವನ್ನು ಎತ್ತರದ ಕಂಬಗಳ ಮೇಲೆ ಮರದ ದಿಮ್ಮಿಗಳಿಂದ ಕಟ್ಟಿದ್ದಾರೆ. ನೆಲದ ತೇವ ಮೇಲೇರುವುದಿಲ್ಲ. ಅದರೊಳಗೆ ಕಾಲುಗಳುಳ್ಳ ದೇವದಾರು ಜಾತಿಯ ಮರದ ಪೆಟ್ಟಿಗೆಗಳು, ಪೆಟ್ಟಿಗೆಗಳೊಳಗೆ ವಸ್ತುಗಳು. ಹೊರಗೆ ಮಳೆಗಾಲ, ಬೇಸಗೆ ಎಷ್ಟು ಬದಲಾದರೂ ಪೆಟ್ಟಿಗೆಯೊಳಗಿನ ಗಾಳಿಯ ತೇವ ನಿಧಾನವಾಗಿ, ಸ್ವಲ್ಪವೇ ಏರಿಳಿಯುತ್ತದೆ. ಮರದ ವಾದ್ಯವನ್ನು ಕೊಲ್ಲುವುದು ತೇವವಾಗಲಿ ಶುಷ್ಕತೆಯಾಗಲಿ ಅಲ್ಲ, ಒಂದರಿಂದ ಇನ್ನೊಂದಕ್ಕೆ ಆಗುವ ಹಠಾತ್ ಬದಲಾವಣೆ. ಉಗ್ರಾಣದ ಬಾಗಿಲಿಗೆ ಚಕ್ರವರ್ತಿಯ ಮುದ್ರೆ. ಅದನ್ನು ತೆಗೆಯಲು ಅವನ ಅಪ್ಪಣೆಯೇ ಬೇಕು. ಇಪ್ಪತ್ತನೆಯ ಶತಮಾನದಲ್ಲಿ ವಸ್ತುಗಳನ್ನು ಕಾಂಕ್ರೀಟಿನ ಹೊಸ ಉಗ್ರಾಣಗಳಿಗೆ ಸಾಗಿಸಿದರು. ಈಗಲೂ ಶರತ್ಕಾಲದಲ್ಲಿ ಮುದ್ರೆ ತೆಗೆದು, ಪರೀಕ್ಷಿಸಿ, ಕೆಲವನ್ನು ಪ್ರದರ್ಶನಕ್ಕಿಟ್ಟು, ಮತ್ತೆ ಮುದ್ರೆ ಹಾಕುತ್ತಾರೆ. ಇಲ್ಲಿ ಕಾಪಾಡಿದ್ದು ಮರದ ಪೆಟ್ಟಿಗೆಯೋ, ತಲೆಮಾರಿನಿಂದ ತಲೆಮಾರಿಗೆ ಬಂದ ಮನುಷ್ಯರ ಎಚ್ಚರವೋ? ಎರಡನ್ನೂ ಬೇರೆ ಮಾಡುವುದು ಕಷ್ಟ.

ಐರೋಪ್ಯರ ಪಿಟೀಲಿನ ಪೆಟ್ಟಿಗೆ ಇಷ್ಟು ವೈಭವದ್ದಲ್ಲ. ಹಿಂದಿನ ಶತಮಾನಗಳಲ್ಲಿ ಮರದ ಪೆಟ್ಟಿಗೆಗೆ ತೊಗಲು ಹೊದಿಸಿ ಮೊಳೆ ಬಡಿದಿರುತ್ತಿದ್ದರು. ಕ್ರೆಮೋನದ ಪ್ರಸಿದ್ಧ ಸ್ಟ್ರಾಡಿವಾರಿಯ ಕಾರ್ಯಾಗಾರದಿಂದ ಉಳಿದಿರುವ ಹಳೆಯ ಕಾಗದಗಳಲ್ಲಿ ಪಿಟೀಲಿನ ಅಚ್ಚುಗಳ ಜೊತೆಗೆ ಪೆಟ್ಟಿಗೆಯ ಬೀಗ ತಿರುಗಣಿಗಳ ನಮೂನೆಗಳೂ ಇವೆ. ಪಿಟೀಲಿಗೆ ಕೊಟ್ಟ ಗಮನವನ್ನು ಆ ಮಹಾಶಿಲ್ಪಿ ಚಿಲಕಕ್ಕೂ ಕೊಟ್ಟಿದ್ದ ಎಂದು ತಿಳಿದಾಗ ನನಗೆ ನನ್ನ ಪೆಟ್ಟಿಗೆಯ ಚಿಲಕ ನೆನಪಾಗದೆ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕಪ್ಪು ಬಣ್ಣ ಬಳಿದ ಮರದ ಪೆಟ್ಟಿಗೆಗಳು ಬಳಕೆಗೆ ಬಂದುವು; ಆಕಾರವನ್ನು ನೋಡಿ ಜನ ಅವಕ್ಕೆ ‘ಶವಪೆಟ್ಟಿಗೆ’ ಎಂದೇ ಹೆಸರಿಟ್ಟರು. ಅಕ್ಕನ ಪೆಟ್ಟಿಗೆ ಆ ವಂಶದ್ದೇ.

ನಮ್ಮ ವೀಣೆಯ ಕಷ್ಟ ಬೇರೆ. ಹಲಸಿನ ಮರದ ಕೊಡ, ಉದ್ದನೆಯ ದಂಡಿ, ಪಕ್ಕದಲ್ಲಿ ಬುರುಡೆ. ಮೆಟ್ಟಿಲುಗಳು ಕೂತಿರುವುದು ಜೇನುಮೇಣಕ್ಕೆ ಇದ್ದಲ ಪುಡಿ ಬೆರೆಸಿದ ಮೇಣದ ಮೇಲೆ. ಬಿಸಿಲಿಗೆ ಮೇಣ ಮೆತ್ತಗಾದರೆ ಸ್ವರಸ್ಥಾನವೇ ಜಾರುತ್ತದೆ. ಯಾವ ಗಟ್ಟಿ ಪೆಟ್ಟಿಗೆಯೂ ಶಾಖವನ್ನು ತಡೆಯಲಾರದು. ಆದುದರಿಂದಲೇ ನಮ್ಮ ಹಿರಿಯರು ಮನೆಯಲ್ಲಿ ದಪ್ಪ ಬಟ್ಟೆಯ ಗವಸು ಹೊದಿಸಿ, ನೆರಳಿನ ಮೂಲೆಯಲ್ಲಿ ಮಲಗಿಸಿ, ಪಯಣವೆಂದರೆ ಯಾರಾದರೊಬ್ಬರು ಮಡಿಲಲ್ಲಿಟ್ಟುಕೊಂಡು ಹೋಗುತ್ತಿದ್ದರು. ಹೆಚ್ಚು ಊರು ತಿರುಗುವ ವಿದ್ವಾಂಸರಿಗಾಗಿ ಕಳಚಿ ಜೋಡಿಸುವ ವೀಣೆಯೂ ಈಗ ಬಂದಿದೆ.

ಇಷ್ಟಾಯಿತು ಪೆಟ್ಟಿಗೆಯ ಮಾತು. ಇನ್ನು ಮಾತಿನ ಪೆಟ್ಟಿಗೆ.

ಖಾತರಿ ಎಂಬುದು ಈಚಿನ ವ್ಯಾಪಾರದ ತಂತ್ರವೆಂದು ನಾನು ಎಣಿಸಿದ್ದೆ. ಅದು ತಪ್ಪು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೊಂಡ ಮೇಲೆ ಮನಸ್ಸು ಬದಲಾಯಿಸುವುದಕ್ಕೆ ವರ್ತಕರಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು ರಾತ್ರಿ, ದನ ಕಾಯುವವರಿಗೆ ಐದು ರಾತ್ರಿ ಎಂಬ ವಾಯಿದೆಗಳಿವೆ. ಮನು ಹತ್ತು ದಿನ ಕೊಡುತ್ತಾನೆ. ಯಾಜ್ಞವಲ್ಕ್ಯ ಸ್ಮೃತಿ ಇನ್ನೂ ಸೂಕ್ಷ್ಮವಾದುದು. ಅದು ಕೊಳ್ಳುವವನನ್ನು ನೋಡುವುದಿಲ್ಲ, ಕೊಂಡ ವಸ್ತುವನ್ನು ನೋಡುತ್ತದೆ. ಕಬ್ಬಿಣವನ್ನು ಪರೀಕ್ಷಿಸಲು ಒಂದು ದಿನ, ಕರೆಯುವ ಹಸುವಿಗೆ ಮೂರು ದಿನ, ಹೊರೆ ಹೊರುವ ಪ್ರಾಣಿಗೆ ಐದು, ರತ್ನಕ್ಕೆ ಏಳು, ಬೀಜಕ್ಕೆ ಹತ್ತು ದಿನ. ದಾಸನಿಗೆ ಅರ್ಧ ತಿಂಗಳು, ದಾಸಿಗೆ ಒಂದು ತಿಂಗಳು ಎಂದೂ ಇದೆ. ಮನುಷ್ಯರನ್ನು ಸರಕಿನ ಸಾಲಿಗೆ ಸೇರಿಸಿದ ಕಾಲವದು, ಆ ಭಾಗವನ್ನು ಓದುವಾಗ ತಲೆ ತಗ್ಗುತ್ತದೆ. ಈ ಸ್ಮೃತಿಗೆ ಮಿತಾಕ್ಷರವೆಂಬ ಜಗತ್ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು, ಇಂದಿನ ಬಸವಕಲ್ಯಾಣದವನು. ನಮ್ಮ ನೆಲದಲ್ಲಿ ಕೂತು ಒಬ್ಬ ಪಂಡಿತ ಈ ಲೆಕ್ಕಗಳನ್ನು ಬಿಡಿಸಿ ಹೇಳಿದ್ದಾನೆಂಬುದು ನನಗೆ ಹೆಮ್ಮೆಯ ಸಂಗತಿ.

ಈ ದಿನಗಳ ಹಿಂದಿನ ವಿವೇಕವನ್ನು ಗಮನಿಸಬೇಕು. ಕಬ್ಬಿಣವನ್ನು ಬಡಿದರೆ ಅಂದೇ ಗೊತ್ತಾಗುತ್ತದೆ. ಹಸುವಿನ ಹಾಲು ಮೂರು ದಿನ ಕರೆದರೆ ತಿಳಿಯುತ್ತದೆ. ಬೀಜ ಮೊಳೆಯುವುದಕ್ಕೆ ಹತ್ತು ದಿನವಾದರೂ ಬೇಕು. ಅಂದರೆ, ವಸ್ತು ತನ್ನ ಗುಣವನ್ನು ತಾನೇ ಹೇಳಿಕೊಳ್ಳಲು ಎಷ್ಟು ಕಾಲ ಬೇಕೋ ಅಷ್ಟು ವಾಯಿದೆ. ಹಾಗಾದರೆ ಪಿಟೀಲಿನ ಪೆಟ್ಟಿಗೆಗೆ ಎಷ್ಟು ದಿನ? ಹತ್ತು ವರ್ಷ ಮೂಲೆಯಲ್ಲಿದ್ದರೂ ಅದರ ಗುಣ ತಿಳಿಯದು. ಅದು ಬೀಳುವ ದಿನವೇ ಅದರ ಪರೀಕ್ಷೆ. ಪರೀಕ್ಷೆಯಲ್ಲಿ ಅದು ಸೋತರೆ ಶಿಕ್ಷೆ ಒಳಗಿರುವ ಪಿಟೀಲಿಗೆ. ಯಾಜ್ಞವಲ್ಕ್ಯನ ಪಟ್ಟಿಯಲ್ಲಿ ಇಂಥ ವಸ್ತುವಿಗೆ ಸ್ಥಳವಿಲ್ಲ.

ರೋಮಿನಲ್ಲಿಯೂ ಸಂತೆಯ ಮೇಲ್ವಿಚಾರಣೆಯ ಅಧಿಕಾರಿಗಳು, ಗುಲಾಮರನ್ನೂ ದನಗಳನ್ನೂ ಮಾರುವವರು ದೋಷಗಳನ್ನು ಮುಚ್ಚಿಡಬಾರದೆಂದು ಶಾಸನ ಮಾಡಿದ್ದರು. ದೋಷ ಕಂಡರೆ ಆರು ತಿಂಗಳೊಳಗೆ ಹಿಂದಿರುಗಿಸಬಹುದಿತ್ತು. ಇಂಗ್ಲೆಂಡಿನವರು ಮಾತ್ರ ಬಹುಕಾಲ ‘ಕೊಳ್ಳುವವನೇ ಎಚ್ಚರವಾಗಿರಲಿ’ ಎಂಬ ಸೂತ್ರಕ್ಕೆ ಅಂಟಿಕೊಂಡರು. 1603ರ ಒಂದು ಮೊಕದ್ದಮೆ ಪ್ರಸಿದ್ಧವಾದುದು. ಅಕ್ಕಸಾಲಿಯೊಬ್ಬ ‘ಬೆಜೋವರ್ ಕಲ್ಲು’ ಎಂದು ಹೇಳಿ ಒಂದು ಕಲ್ಲನ್ನು 100 ಪೌಂಡಿಗೆ ಮಾರಿದ. ಮೇಕೆ ಮುಂತಾದ ಪ್ರಾಣಿಗಳ ಹೊಟ್ಟೆಯಲ್ಲಿ ದೊರೆಯುವ, ವಿಷಹಾರಿಯೆಂದು ನಂಬಿದ್ದ ಕಲ್ಲದು. ನಮ್ಮ ಗೋರೋಚನದ ದಾಯಾದಿ. ಕಲ್ಲು ನಕಲಿಯೆಂದು ಕೊಂಡವನು ದಾವೆ ಹೂಡಿದ. ಮಾರಿದವನು ಅದನ್ನು ಬೆಜೋವರ್ ಎಂದು ಹೇಳಿದನೇ ಹೊರತು ‘ಖಾತರಿ ಕೊಡುತ್ತೇನೆ’ ಎನ್ನಲಿಲ್ಲವಾದ್ದರಿಂದ ದಾವೆ ನಿಲ್ಲದು ಎಂದು ತೀರ್ಪಾಯಿತು.

ಈ ಗೋಡೆ ಒಡೆಯಲು ಸುಮಾರು ಮುನ್ನೂರು ವರ್ಷ ಹಿಡಿಯಿತು. ತಮ್ಮ ‘ಕಾರ್ಬಾಲಿಕ್ ಹೊಗೆಯುಂಡೆ’ಯನ್ನು ಬಳಸಿಯೂ ಇನ್‌ಫ್ಲುಯೆಂಜಾ ಬಂದವರಿಗೆ 100 ಪೌಂಡು ಕೊಡುತ್ತೇವೆಂದು ಜಾಹೀರಾತು ಹಾಕಿದ ಕಂಪನಿಯನ್ನು ಕಾರ್ಲಿಲ್ ಎಂಬ ಮಹಿಳೆ ನ್ಯಾಯಾಲಯಕ್ಕೆ ಎಳೆದು, ಗೆದ್ದಳು. ಜಾಹೀರಾತಿನ ಮಾತೂ ಮಾತೇ ಎಂದು 1892ರಲ್ಲಿ ಆ ಮೊಕದ್ದಮೆಯ ನ್ಯಾಯಾಧೀಶರು ಹೇಳಿದರು. ಬಳಿಕ ಇಂಗ್ಲೆಂಡಿನಲ್ಲಿ 1893ರ ಸರಕು ಮಾರಾಟದ ಕಾಯಿದೆ ಬಂತು; ಅದರ ಮಾದರಿಯಲ್ಲಿ ಭಾರತಕ್ಕೆ 1930ರಲ್ಲಿ ಬಂದದ್ದು ಇಂದಿಗೂ ಜಾರಿಯಲ್ಲಿದೆ. ಅದರ 16ನೆಯ ಕಲಮನ್ನು ಓದಿ ನಾನು ಎದ್ದು ಕೂತೆ. ಯಾವ ಉದ್ದೇಶಕ್ಕೆ ಕೊಳ್ಳುತ್ತೇನೆಂದು ತಿಳಿಸಿ, ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡರೆ, ವಸ್ತು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬುದು ಚೀಟಿಯಲ್ಲಿ ಬರೆಯದೆಯೂ ಇರುವ ಕರಾರು. ಬರೆದುಕೊಟ್ಟ ಖಾತರಿ, ಅದಕ್ಕೆ ವಿರುದ್ಧವಾಗಿದ್ದ ಹೊರತು, ಈ ಬರೆಯದ ಕರಾರನ್ನು ಅಳಿಸುವುದಿಲ್ಲ. ಪಿಟೀಲಿನ ಪೆಟ್ಟಿಗೆಯನ್ನು ಪಿಟೀಲನ್ನು ಕಾಪಾಡುವುದಕ್ಕಲ್ಲದೆ ಬೇರೆ ಯಾವ ಉದ್ದೇಶಕ್ಕೆ ಯಾರು ಕೊಳ್ಳುತ್ತಾರೆ? 1986ರಲ್ಲಿ ಗ್ರಾಹಕರ ರಕ್ಷಣೆಗೆಂದೇ ಕಾಯಿದೆ ಬಂತು. 2019ರಲ್ಲಿ ಅದರ ಸ್ಥಾನಕ್ಕೆ ಬಂದ ಹೊಸ ಕಾಯಿದೆ, ದೋಷವುಳ್ಳ ವಸ್ತುವಿನಿಂದಾದ ಹಾನಿಯ ಹೊಣೆಯನ್ನೂ ಸೇರಿಸಿತು. ಆದುದರಿಂದ ‘ಪೆಟ್ಟಿಗೆಗೆ ಮಾತ್ರ’ ಎಂಬುದು ಅಂಗಡಿಯ ಮಾತು. ಕಾನೂನಿನ ಕೊನೆಯ ಮಾತಲ್ಲ. ವಾಚಕರು ಇದನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಆದರೆ ಪೆಟ್ಟಿಗೆ ಮಾಡಿದವನು ಒಬ್ಬ, ಸಾಗಿಸುವವನು ಇನ್ನೊಬ್ಬ. ಸಾಗಿಸುವವನ ಹೊಣೆ ಎಷ್ಟು? ಬ್ರಿಟಿಷರು 1865ರಲ್ಲಿ ಭಾರತಕ್ಕೆ ಮಾಡಿದ ಸಾಗಣೆದಾರರ ಕಾಯಿದೆಯಲ್ಲಿ, ಬೆಲೆಬಾಳುವ ವಸ್ತುಗಳ ಪಟ್ಟಿಯೊಂದಿತ್ತು. 100 ರೂಪಾಯಿಗೆ ಮೀರಿದ ಇಂಥ ವಸ್ತುವಿನ ಬೆಲೆಯನ್ನು ಮೊದಲೇ ತಿಳಿಸದಿದ್ದರೆ ಸಾಗಣೆದಾರ ನಷ್ಟಕ್ಕೆ ಹೊಣೆಯಲ್ಲ. ಕಾಲಕ್ರಮದಲ್ಲಿ ಬೆಳೆದ ಆ ಪಟ್ಟಿಯಲ್ಲಿ ಮುತ್ತು ರತ್ನ, ಗಂಧದೆಣ್ಣೆ, ಹಕ್ಕಿಯ ಗರಿ, ಗೋರೋಚನ ಇವುಗಳ ನಡುವೆ ಸಂಗೀತವಾದ್ಯಗಳೂ ಕೂತಿದ್ದುವು! 2007ರ ರಸ್ತೆ ಸಾಗಣೆ ಕಾಯಿದೆ ಬಂದ ಮೇಲೆ ಅದು ರದ್ದಾಯಿತು.

ವಿಮಾನ ಬಂದಾಗ ಲೆಕ್ಕ ಇನ್ನೂ ವಿಚಿತ್ರವಾಯಿತು. 1929ರ ವಾರ್ಸಾ ಒಪ್ಪಂದದಂತೆ, ಒಪ್ಪಿಸಿದ ಸಾಮಾನು ಹಾಳಾದರೆ ಪರಿಹಾರ ತೂಕದ ಮೇಲೆ: ಕಿಲೋಗ್ರಾಮಿಗೆ 250 ಫ್ರಾಂಕು. ಪಿಟೀಲಿನ ತೂಕ ಅರ್ಧ ಕಿಲೋಗ್ರಾಮಿಗೂ ಕಡಮೆ. ಅಂದರೆ ವಾದ್ಯಕ್ಕಿಂತ ಪೆಟ್ಟಿಗೆಯ ತೂಕಕ್ಕೇ ಹೆಚ್ಚು ಪರಿಹಾರ. ಹೆಣಭಾರದ ಶವಪೆಟ್ಟಿಗೆ ಇದ್ದವನೇ ಭಾಗ್ಯವಂತ. 1999ರ ಮಾಂಟ್ರಿಯಲ್ ಒಪ್ಪಂದ ಈ ತೂಕದ ಲೆಕ್ಕವನ್ನು ಬಿಟ್ಟು, ಪ್ರಯಾಣಿಕನೊಬ್ಬನ ಸಾಮಾನಿಗೆ ಇಂತಿಷ್ಟು ಎಂಬ ಮಿತಿ ಹಾಕಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನದಲ್ಲಿ ಅದು ಮೊದಲು 1,000 ಇದ್ದುದು 2024ರ ಕೊನೆಯಲ್ಲಿ 1,519ಕ್ಕೆ ಏರಿತು. ಹೆಚ್ಚು ಬೇಕಾದರೆ ಬೆಲೆಯನ್ನು ಮೊದಲೇ ಘೋಷಿಸಿ, ಕೇಳಿದರೆ ಹೆಚ್ಚುವರಿ ಹಣ ಕಟ್ಟಬೇಕು. 1865ರ ಮಾತೇ ಮತ್ತೆ ಬಂತು.

ಈ ನಿಯಮಗಳ ನಡುವೆ ಸಿಕ್ಕಿಕೊಂಡವರಲ್ಲಿ ಹೆಸರಾದವನು ಕೆನಡಾದ ಗಾಯಕ ಡೇವ್ ಕ್ಯಾರಲ್. 2008ರ ಮಾರ್ಚಿಯಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿಮಾನದಲ್ಲಿ ಹೋಗುವಾಗ ಅವನ ಗಿಟಾರು ಪೆಟ್ಟಿಗೆಯೊಳಗೇ ಮುರಿಯಿತು. ರಿಪೇರಿಗೆ 1,200 ಡಾಲರ್. 24 ಗಂಟೆಯೊಳಗೆ ದೂರು ಕೊಡಲಿಲ್ಲವೆಂದು ಸಂಸ್ಥೆ ಪರಿಹಾರ ಕೊಡಲಿಲ್ಲ. 2009ರ ಜುಲೈನಲ್ಲಿ ಅವನು ಅದರ ಮೇಲೊಂದು ಹಾಡು ಕಟ್ಟಿ ಹಾಡಿದ. ಲಕ್ಷಗಟ್ಟಲೆ ಜನ ಕೇಳಿದರು. ಅಮೆರಿಕದಲ್ಲಿ 2012ರಲ್ಲಿ, ಜಾಗವಿದ್ದರೆ ಸಣ್ಣ ವಾದ್ಯಗಳನ್ನು ವಿಮಾನದೊಳಗೆ ಕೈಯಲ್ಲೇ ಒಯ್ಯಲು ಬಿಡಬೇಕೆಂಬ ಕಾನೂನು ಬಂತು.

ಪೆಟ್ಟಿಗೆ ಮಾಡುವವರಿಗೂ ಒಂದು ಅಳತೆಗೋಲು ಸಿಕ್ಕಿತು. ಅಮೆರಿಕದ ವಿಮಾನ ಸಾರಿಗೆ ಸಂಘ, ವಿಮಾನದ ಬಿಡಿಭಾಗಗಳನ್ನು ಸಾಗಿಸುವ ಪೆಟ್ಟಿಗೆಗಳಿಗೆಂದು 300ನೆಯ ಸಂಖ್ಯೆಯ ನಿಯಮಾವಳಿ ಮಾಡಿತು. ಅದರ ಮೊದಲ ದರ್ಜೆಯ ಪೆಟ್ಟಿಗೆ ಕನಿಷ್ಠ 100 ಸಲ ಹೋಗಿ ಬರುವ ಪಯಣವನ್ನು ತಾಳಬೇಕು, ಎರಡನೆಯ ದರ್ಜೆಯದು 10, ಮೂರನೆಯದು ಒಂದು. ಸಂಗೀತಗಾರರ ಗಟ್ಟಿ ಪೆಟ್ಟಿಗೆಗಳೂ ಅದೇ ಮಾದರಿಯನ್ನು ಹಿಡಿದುವು. ಇದನ್ನು ಓದಿದಾಗ ನನಗೆ ಯಾಜ್ಞವಲ್ಕ್ಯನೇ ಎದುರು ಬಂದಂತಾಯಿತು. ವರ್ಷವಲ್ಲ, ಆಜೀವವಲ್ಲ, ಎಷ್ಟು ಪಯಣ ಎಂಬ ಲೆಕ್ಕ. ಪೆಟ್ಟಿಗೆಯ ಆಯುಸ್ಸನ್ನು ಅಳೆಯಲು ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ನಾನು ಕಂಡಿಲ್ಲ.

ಪೆಟ್ಟಿಗೆಯ ಚರಿತ್ರೆಯಲ್ಲಿ ಎರಡು ಪಿಟೀಲುಗಳು ನನ್ನ ಮನಸ್ಸಿನಲ್ಲಿ ನಿಂತಿವೆ. ಒಂದು, 1912ರ ಏಪ್ರಿಲಿನಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ವಾದ್ಯವೃಂದದ ನಾಯಕ ವಾಲೇಸ್ ಹಾರ್ಟ್ಲಿಯದು. ಅವನ ನಿಶ್ಚಿತಾರ್ಥಕ್ಕೆ ಹುಡುಗಿ ಕೊಟ್ಟ ಉಡುಗೊರೆ. ತೊಗಲಿನ ಚೀಲದಲ್ಲಿ ಅದು ಅವನ ದೇಹದ ಜೊತೆಗೆ ಸಿಕ್ಕಿತೆಂದು ಹೇಳುತ್ತಾರೆ. 2006ರಲ್ಲಿ ಅದು ಇಂಗ್ಲೆಂಡಿನ ಮನೆಯೊಂದರ ಅಟ್ಟದಲ್ಲಿ ಹೊರಬಿದ್ದಿತು. ವರ್ಷಗಟ್ಟಲೆ ಪರೀಕ್ಷೆಗಳಾದ ಮೇಲೆ 2013ರಲ್ಲಿ 9 ಲಕ್ಷ ಪೌಂಡಿಗೆ ಹರಾಜಾಯಿತು. ಅದನ್ನು ನುಡಿಸುವಂತಿಲ್ಲ. ಇನ್ನೊಂದು, ಸ್ಟ್ರಾಡಿವಾರಿ 1716ರಲ್ಲಿ ಮಾಡಿದ ‘ಮೆಸಾಯ’. ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಇಂದು ಮಾಡಿದಂತೆ ಹೊಳೆಯುತ್ತಿದೆ. ಅದನ್ನೂ ಯಾರೂ ನುಡಿಸುವುದಿಲ್ಲ. ಒಂದು ಆಪತ್ತಿನಲ್ಲಿ ಮೂಕವಾಯಿತು, ಇನ್ನೊಂದು ರಕ್ಷಣೆಯಲ್ಲಿ.

ಮತ್ತೆ ಶಿವಮೊಗ್ಗೆಗೆ ಬರುತ್ತೇನೆ. ಅಂದು ಬಸ್ಸಿಳಿದು ಮನೆಗೆ ಹೋಗಿ ಪೆಟ್ಟಿಗೆಯನ್ನು ಅಕ್ಕನ ಮುಂದಿಟ್ಟಾಗ, ಅವಳು ಪಿಟೀಲನ್ನು ಎತ್ತಿಕೊಂಡು ಕಿತ್ತ ಕುತ್ತಿಗೆಯನ್ನು ಅದರ ಸ್ಥಾನಕ್ಕೆ ಒತ್ತಿ ಹಿಡಿದು ನೋಡಿದಳು. ಬೈಯಲಿಲ್ಲ. “ಹಳೇ ಪೆಟ್ಟಿಗೆ ಎಲ್ಲೋ?” ಎಂದಳು. ಅಟ್ಟದ ಮೇಲಿದೆ ಎಂದೆ. ಅದರಲ್ಲಿ ನನ್ನ ಕಾಲೇಜಿನ ಹಳೆಯ ಟಿಪ್ಪಣಿಗಳನ್ನು ತುಂಬಿದ್ದೇನೆಂದು ಹೇಳಲು ನಾಲಗೆ ಏಳಲಿಲ್ಲ. “ಅದರ ಚಿಲಕ ನನ್ನ ಮದುವೆಗೆ ಮುಂಚೆಯೇ ಹೋಗಿತ್ತು. ಅದನ್ನ ನಾನು ಯಾರ ಕೈಗೂ ಕೊಡ್ತಿರಲಿಲ್ಲ. ಬಸ್ಸಲ್ಲಿ ತೊಡೆ ಮೇಲೇ ಇಟ್ಕೊಂಡು ಬರ್ತಿದ್ದೆ” ಎಂದಳು.

ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದಿತ್ತು. ಎರಡು ವರ್ಷದ ಕಾಲಾವಕಾಶವೂ ಇದೆ. ಕೊಡಲಿಲ್ಲ. ಚಿಲಕ ದುರ್ಬಲವಾಗಿದ್ದುದು ನಿಜ; ಆದರೆ ಚೀಟಿಯನ್ನು ಓದಿ ಪೆಟ್ಟಿಗೆಯನ್ನು ಕೈಬಿಟ್ಟವನು ನಾನು. ಅಕ್ಕನ ಚಿಲಕವಿಲ್ಲದ ಪೆಟ್ಟಿಗೆಯಲ್ಲಿ ಪಿಟೀಲು ಮೂವತ್ತು ವರ್ಷಕ್ಕೆ ಮೀರಿ ಉಳಿದಿತ್ತು. ಖಾತರಿಯಿದ್ದ ಪೆಟ್ಟಿಗೆಯಲ್ಲಿ ಒಂದು ವರ್ಷ ಉಳಿಯಲಿಲ್ಲ.

ರಿಪೇರಿಯವರು ಕುತ್ತಿಗೆಯನ್ನು ಅಂಟಿಸಿ, ಬಿರುಕಿಗೆ ಒಳಗಿನಿಂದ ಮರದ ಚೂರುಗಳನ್ನು ಕೂರಿಸಿ ಕೊಟ್ಟಿದ್ದಾರೆ. ನಾದ ಸ್ವಲ್ಪ ಬದಲಾಗಿದೆ ಎಂದು ನನಗೆ ಅನಿಸುತ್ತದೆ. ಇಲ್ಲವೆಂದು ಮಗಳು ವಾದಿಸುತ್ತಾಳೆ. ಮೊನ್ನೆ ಫೋನಿನಲ್ಲಿ ಅಕ್ಕನಿಗೆ ಒಂದು ವರ್ಣ ನುಡಿಸಿ ಕೇಳಿಸಿದಳು. ಕೊನೆಯವರೆಗೂ ಕೇಳಿ, ಅಕ್ಕ, “ಎರಡನೇ ತಂತಿ ಸ್ವಲ್ಪ ಇಳಿದಿದೆ, ಶ್ರುತಿ ಮಾಡಿಕೋ” ಎಂದಳು, ಅಷ್ಟೆ.

ಹಳೆಯ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಮತ್ತೆ ಬಳಕೆಗೆ ತಂದಿದ್ದೇವೆ. ಕಳಚಿದ ಚಿಲಕದ ಜಾಗಕ್ಕೆ ಸೀರೆಯ ಅಂಚು ಹಾಗೆಯೇ ಇದೆ. ಹೊಸ ಪೆಟ್ಟಿಗೆ ಈಗ ಅಟ್ಟದ ಮೇಲಿದೆ. ಹೊಸ ಚಿಲಕಗಳ ಸಮೇತ, ಆಜೀವ ಖಾತರಿಯ ಸಮೇತ, ನನ್ನ ಟಿಪ್ಪಣಿಗಳನ್ನು ಕಾಯುತ್ತಿದೆ.